ಸೊಸೆಗಲ್ಲು ಮತ್ತು ಕೆಂಡಗೂಳಿ

ಬಹಳ ಬಹಳ ಹಿಂದೆ, ಗೂಳಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಡಲ ದಂಡೆಯ ಮೇಲೆ ಶಂಖವಾಳ ಎಂಬ ರಾಜ್ಯವಿತ್ತು. ಅಲ್ಲಿ ಮಣಿಕೇತು ಎಂಬ ರಾಜ. ಕೆಟ್ಟವನಲ್ಲ, ಹಿತ್ತಾಳೆ ಕಿವಿಯವನು ಅಷ್ಟೆ. ಅವನ ಆಸ್ಥಾನದಲ್ಲಿ, ನಾಲ್ಕು ತಲೆಮಾರು ಕಂಡರೂ ಮುಪ್ಪಾಗದ ಉಗ್ರಜಟಿ ಎಂಬ ಮಾಂತ್ರಿಕನಿದ್ದ. ಮಾಂತ್ರಿಕನ ಹತ್ತಿರ ಒಂದು ಕೆಂಡಗೂಳಿ ಇತ್ತು.

ಕೆಂಡಗೂಳಿ ಎಂದರೆ ಮೈಯೆಲ್ಲ ಕೆಂಡ, ಉಸಿರೆಲ್ಲ ಹೊಗೆ. ಮನೆಗೊಂದು ಹೊರೆ ಕಟ್ಟಿಗೆ ತಿನ್ನಿಸಿದರೆ ಊರಿನ ಭತ್ತ ಕುಟ್ಟುತ್ತಿತ್ತು, ಗಾಣ ತಿರುಗಿಸುತ್ತಿತ್ತು, ಎಲ್ಲರಿಗೂ ಸ್ನಾನದ ನೀರು ಕಾಯಿಸುತ್ತಿತ್ತು. ಕುಳಿತಲ್ಲಿಗೇ ಎಲ್ಲ ಬರುವಾಗ ಬೇಡ ಎನ್ನುವವರು ಯಾರು? ಕಾಡು ಬೋಳಾಯಿತು. ಬೇಸಿಗೆ ಉದ್ದವಾಯಿತು. ಗೂಳಿಯ ಉಸಿರಿಗೆ ಕಡಲು ಬಿಸಿಯಾಗಿ, ಒಲೆಯ ಮೇಲಿನ ಹಾಲಿನಂತೆ ಸದ್ದಿಲ್ಲದೆ ಏರತೊಡಗಿತು.

ದಂಡೆಯ ಮೀನುಗಾರರ ಕೇರಿಯಲ್ಲಿ ಒಂದು ಪದ್ಧತಿ. ಹೊಸ ಸೊಸೆ ಬಂದ ಮೊದಲ ಅಮಾವಾಸ್ಯೆಯ ದಿನ, ಉಬ್ಬರದ ಅಲೆ ಅವಳ ಪಾದ ಮುಟ್ಟಿದ ಜಾಗದಲ್ಲಿ ಅವಳೊಂದು ಕಲ್ಲು ನೆಟ್ಟು, "ಇಲ್ಲಿಂದಾಚೆ ನಿನ್ನದು, ಇಲ್ಲಿಂದೀಚೆ ನನ್ನದು" ಎಂದು ಕಡಲಿಗೆ ಹೇಳಬೇಕು. ಅದು ಸೊಸೆಗಲ್ಲು. ಕಲ್ಲು ನೀರಲ್ಲಿ ಮುಳುಗಿತೆಂದರೆ ಕಡಲಮ್ಮ ಆ ಸೊಸೆಯನ್ನು ಒಪ್ಪಿಕೊಂಡಳೆಂದು ಹೆಂಗಸರು ಹಿಗ್ಗುತ್ತಿದ್ದರು. ಪಾಪ, ಅದು ಕೇಡೆಂದು ಯಾರಿಗೂ ತೋಚಲೇ ಇಲ್ಲ.

ಆ ಕೇರಿಗೆ ದುಗ್ಗಿ ಸೊಸೆಯಾಗಿ ಬಂದಳು. ಅಮಾವಾಸ್ಯೆಯ ದಿನ ಕಲ್ಲು ಹಿಡಿದು ಹೊಸ್ತಿಲು ದಾಟಿದಳು. ದಂಡೆಯ ತನಕ ಹೋಗುವ ಕೆಲಸವೇ ಬೀಳಲಿಲ್ಲ. ಅಂಗಳದಲ್ಲೇ ಅಲೆ ಬಂದು ಪಾದ ಮುಟ್ಟಿತು, ಕಲ್ಲನ್ನು ಅಲ್ಲೇ ನೆಟ್ಟಳು.

"ಎಂಥ ಹೆಣ್ಣು ತಂದೆವು ಮಾರಾಯ್ತಿ!" ಅತ್ತೆ ಬಚ್ಚಮ್ಮ ಪಕ್ಕದ ಮನೆಯವಳೆದುರು ಹಣೆ ಚಚ್ಚಿಕೊಂಡಳು. "ನನ್ನ ಕಲ್ಲನ್ನು ಕಡಲಮ್ಮ ಯಾವಾಗಲೋ ಒಳಗೆ ಕರ್ಕೊಂಡಳು. ಇವಳದು ಕಾಣಿ, ತುಳಸಿಕಟ್ಟೆ ಹತ್ರ!"

"ಅತ್ತೆ, ನಿಮ್ಮ ಅತ್ತೆಯ ಕಲ್ಲು ಎಲ್ಲುಂಟು?"

"ನನ್ನದಕ್ಕಿಂತ ಆಚೆ."

"ಅವರ ಅತ್ತೆಯದು?"

"ಅದಕ್ಕೂ ಆಚೆ. ಎಂತಕ್ಕೆ?"

ದುಗ್ಗಿ ಕಡಲಿನತ್ತ ತಿರುಗಿದಳು. "ಹಾಗಾದ್ರೆ ಕಡಲು ಒಪ್ಪಿಕೊಂಡದ್ದಲ್ಲ ಅತ್ತೆ. ನಡೆದು ಬರ್ತಾ ಉಂಟು. ಬರುವ ಮಳೆಗಾಲಕ್ಕೆ ನಮ್ಮ ಕೇರಿಯೇ ಇರೂದಿಲ್ಲ."

ಮರುದಿನವೇ ದುಗ್ಗಿ ಅರಮನೆಗೆ ಹೋದಳು. "ಗೂಳಿ ಇಲ್ಲದ ಕಾಲದಲ್ಲಿ ಕಡಲು ತಣ್ಣಗಿತ್ತಂತೆ, ತನ್ನ ಜಾಗದಲ್ಲೇ ಇತ್ತಂತೆ ಪ್ರಭು. ಗೂಳಿಯನ್ನು ನಿಲ್ಲಿಸಿ" ಎಂದಳು.

ಉಗ್ರಜಟಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೀನು ಮಾರುವವಳಿಗೆ ರಾಜ್ಯದ ಚಿಂತೆ! ಸರಿ, ಮೂರು ಪರೀಕ್ಷೆ ಗೆಲ್ಲು. ಕಡಲು ನಡೆದು ಬಂದದ್ದನ್ನು ರಾಜರಿಗೆ ತೋರಿಸು. ಗೂಳಿಯ ಮೈ ಮುಟ್ಟು. ಆಯುಧವಿಲ್ಲದೆ ಅದನ್ನು ಮಲಗಿಸು. ಸೋತರೆ, ನಿಮ್ಮ ಕೇರಿಗೆ ಅಲೆ ನುಗ್ಗದಂತೆ ತಡೆಯುವ, ಉಪ್ಪುನೀರಲ್ಲಿ ಬೆಳೆದ ಕಾಂಡ್ಲಾ ಕಾಡೆಲ್ಲ ಗೂಳಿಯ ಪಾಲು."

ದುಗ್ಗಿ ರಾಜನನ್ನೂ ಮಾಂತ್ರಿಕನನ್ನೂ ದೋಣಿ ಹತ್ತಿಸಿದಳು. ತಿಳಿನೀರಿನ ತಳದಲ್ಲಿ ಒಂದರಾಚೆ ಒಂದು ಕಲ್ಲು, ತಲೆಮಾರಿಗೊಂದು ಸಾಲು. ಜೊತೆಗೆ ಬಂದ ಮುದುಕಿಯರು ತಮ್ಮ ತಮ್ಮ ಕಲ್ಲು ಗುರುತಿಸಿದರು.

"ಕಲ್ಲುಗಳೇ ನಡೆದು ಹೋಗಿವೆ" ಎಂದ ಮಾಂತ್ರಿಕ.

"ಕಲ್ಲು ನಡೀತದಾ?" ಎಂದಳು ಬೊಚ್ಚುಬಾಯಿಯ ಚಿಕ್ಕಜ್ಜಿ. "ಹಾಗಾದ್ರೆ ನಿಮ್ಮ ಕೋಟೆಗೆ ಹಗ್ಗ ಕಟ್ಟಿ ಸ್ವಾಮಿ, ಎದ್ದು ಹೋದೀತು!"

ರಾಜನಿಗೆ ನಗು ತಡೆಯಲಾಗಲಿಲ್ಲ. ಮೊದಲ ಪರೀಕ್ಷೆ ಮುಗಿಯಿತು.

ಎರಡನೆಯದು ಗೂಳಿ. ಅದರ ಹತ್ತಿರ ಹೋದವರೆಲ್ಲ ಕಟ್ಟಿಗೆ ಹಿಡಿದೇ ಹೋದವರು. ದುಗ್ಗಿ ಸೆರಗು ಒದ್ದೆ ಮಾಡಿಕೊಂಡು ಒಂದು ಕೊಡ ಗಂಜಿತಿಳಿ ಹೊತ್ತು ಹೋದಳು. ಗೂಳಿ ಕೊಡ ಖಾಲಿಯಾಗುವ ತನಕ ಕುಡಿಯಿತು. ಅದರ ಹಣೆಯ ಕೆಂಡ ಮಂಕಾಯಿತು. ದುಗ್ಗಿ ಅಲ್ಲಿ ಕೈಯಿಟ್ಟು ನೇವರಿಸಿದಳು.

"ತಿಂದಷ್ಟೂ ಹಸಿವು ತಾಯಿ, ಮಾಂತ್ರಿಕನ ಕಟ್ಟು ಹಾಗಿದೆ" ಎಂದಿತು ಗೂಳಿ. "ಒಂದೇ ಒಂದು ದಿನ, ಸೂರ್ಯ ಹುಟ್ಟಿ ಮುಳುಗುವ ತನಕ ಯಾರೂ ಒಂದು ಕಡ್ಡಿಯನ್ನೂ ಕೊಡದಿದ್ದರೆ ನನಗೆ ನಿದ್ದೆ ಬರುತ್ತದೆ."

ಹೇಳುವುದು ಸುಲಭ. ಒಂದು ರಾಜ್ಯದ ಜನವನ್ನೆಲ್ಲ ಒಪ್ಪಿಸುವುದುಂಟೆ? ಕುಂಬಾರಗೇರಿಯ ಮಾದು, ಬುಟ್ಟಿ ಹೆಣೆಯುವ ಐತೆ, ಗಾಣಗೇರಿಯ ಸಂಕಮ್ಮ ದುಗ್ಗಿಯ ಜೊತೆ ಹೊರಟರು. ಬೀದಿಗಳನ್ನು ಹಂಚಿಕೊಂಡು ಮನೆಮನೆ ಹತ್ತಿಳಿದರು. ಬೈದವರ ಮನೆಗೆ ಎರಡು ಸಲ ಹೋದರು. ಗೊತ್ತುಮಾಡಿದ ದಿನ ಬಂತು. ಹೆಂಗಸರು, ಗಂಡಸರು ಒನಕೆ ಹಿಡಿದರು, ಮಕ್ಕಳು ತಣ್ಣೀರು ಮಿಂದು ಗಡಗಡ ನಡುಗಿದರು. ಸಂಜೆಯ ತನಕ ಗೂಳಿಗೆ ಒಂದು ಕಡ್ಡಿಯೂ ಸಿಗಲಿಲ್ಲ.

ಸೂರ್ಯ ಇನ್ನೇನು ಕಡಲು ಮುಟ್ಟಬೇಕು, ಆಗ ಒಬ್ಬಳು ತಲೆಯ ಮೇಲೆ ಕಟ್ಟಿಗೆ ಹೊತ್ತು ಕುಂಟುತ್ತ ಬಂದಳು. ನೋಡಿದರೆ ಬಚ್ಚಮ್ಮ!

"ಬಾ ತಾಯಿ, ಬಾ" ಎಂದು ಉಗ್ರಜಟಿ ಹಲ್ಲು ಕಿರಿದ.

ದುಗ್ಗಿಗೆ ಅಳು ಬಂತು. ಆದರೂ ದನಿ ಏರಿಸಲಿಲ್ಲ. "ಅತ್ತೆ, ಮಂಡಿ ನೋವಾ?"

"ಹೌದು ಮಗಾ. ಬಿಸಿನೀರು ಹೊಯ್ಯದಿದ್ರೆ ಜೀವ ಹೋಗ್ತದೆ."

"ತೆಂಗಿನ ಗರಿ ಉರಿಸಿ ನಾನು ಕಾಯಿಸಿ ಕೊಡ್ತೇನೆ. ದಿನಾ ನಾನೇ ತಿಕ್ತೇನೆ. ಆದ್ರೆ ಕಾಯಿಸ್ಲಿಕ್ಕೆ ನಮಗೊಂದು ಮನೆ ಬೇಕಲ್ಲ ಅತ್ತೆ?"

ಬಚ್ಚಮ್ಮ ಕಡಲನ್ನು ನೋಡಿದಳು, ಸೊಸೆಯನ್ನು ನೋಡಿದಳು. ಹೊರೆಯನ್ನು ನೆಲಕ್ಕೆ ಹಾಕಿ ಅದರ ಮೇಲೆ ಕುಳಿತೇಬಿಟ್ಟಳು.

"ಏಳು ಮುದುಕಿ!" ಮಾಂತ್ರಿಕ ಗುಡುಗಿದ.

"ಏಳ್ಲಿಕ್ಕೆ ಮಂಡಿ ಬೇಕಲ್ಲ ಮಾರಾಯಾ" ಎಂದಳು ಬಚ್ಚಮ್ಮ.

ಅವನು ಎಳೆದ, ಬೈದ, ಮಂತ್ರ ಹಾಕಿದ. ಬಚ್ಚಮ್ಮ ಅಲುಗಲಿಲ್ಲ. ಸೂರ್ಯ ಮುಳುಗಿದ. ಗೂಳಿ ಕಾಲು ಮಡಚಿ, ಕಣ್ಣು ಮುಚ್ಚಿ, ತಣ್ಣನೆಯ ಬೂದಿಗುಡ್ಡೆಯಾಗಿ ಮಲಗಿತು. ಗೂಳಿಯ ಹೊಗೆಯಿಂದಲೇ ಬದುಕಿದ್ದ ಉಗ್ರಜಟಿ ತೆಳುವಾಗುತ್ತ, ತೆಳುವಾಗುತ್ತ ಗಾಳಿಯಲ್ಲಿ ಇಲ್ಲವಾದ.

ಕಡಲು ಒಂದೇ ದಿನಕ್ಕೆ ಹಿಂದೆ ಹೋಗಲಿಲ್ಲ. ಬಂದಷ್ಟೇ ನಿಧಾನವಾಗಿ, ವರುಷಕ್ಕೆ ಗೇಣುದ್ದ ಸರಿಯಿತು. ಅದು ಸರಿದಲ್ಲೆಲ್ಲ ಮಕ್ಕಳು ಕಾಂಡ್ಲಾ ಸಸಿ ನೆಟ್ಟರು. ಕೇರಿ ಉಳಿಯಿತು.

ಒಂದು ಹಬ್ಬದ ದಿನ ಆಸ್ಥಾನದ ಹಾಡುಗಾರರು ಮಕ್ಕಳನ್ನು ಕೂರಿಸಿಕೊಂಡು, ಗೂಳಿಯನ್ನು ಮಲಗಿಸಿದ ಮಹಾವೀರ ಮಣಿಕೇತುವಿನ ಪದ ಎತ್ತಿದರು.

"ನಿಲ್ಸಿ!" ಬಚ್ಚಮ್ಮ ಎದ್ದು ನಿಂತಳು. "ಮಕ್ಕಳಿಗೆ ಸುಳ್ಳು ಕಲಿಸ್ಬೇಡಿ. ಕಲ್ಲು ತೋರಿಸಿದ್ದು ಚಿಕ್ಕಜ್ಜಿ ಮತ್ತೆ ಅವಳ ಓರಗೆಯವರು. ಗೂಳಿಗೆ ಗಂಜಿತಿಳಿ ಕುಡಿಸಿದ್ದು ನನ್ನ ಸೊಸೆ ದುಗ್ಗಿ. ಮನೆಮನೆ ಅಲೆದು ಕಾಲು ಸವೆಸಿದ್ದು ಮಾದು, ಐತೆ, ಸಂಕಮ್ಮ. ಹೆಸರು ಹಿಡಿದು ಹೇಳಿ."

ರಾಜ ನಾಚಿ ತಲೆ ತಗ್ಗಿಸಿದ. "ಅಜ್ಜಿ ಹೇಳಿದಂತೆಯೇ ಹಾಡಿ" ಎಂದ.

ಮುಂದೆ ಕುಳಿತಿದ್ದ ಒಂದು ಪುಟ್ಟ ಹುಡುಗಿ ಕೇಳಿದಳು, "ಮತ್ತೆ ನೀವೆಂತ ಮಾಡಿದ್ದಜ್ಜಿ?"

"ನಾನಾ?" ಬಚ್ಚಮ್ಮ ಸೊಸೆಯ ಹೆಗಲು ಹಿಡಿದು ಹೇಳಿದಳು. "ನಾನು ಕೂತದ್ದು."

ಸಭೆಯೆಲ್ಲ ನಕ್ಕಿತು. ಅಲ್ಲಿ ಅವರು ಹಾಗೆ ನಗುನಗುತ್ತ ಬಾಳಿದರು. ಇಲ್ಲಿ ನಾವೂ ಬಾಳೋಣ.