ಹಳ್ಳ ದಾಟುವ ತನಕ

"ಅಲ್ಲೇ ನಿಂದ್ರಿ ಅಮ್ಮಾರ! ಆ ಕಡಿಂದ ಇಳೀಬ್ಯಾಡ್ರಿ, ಕಲ್ಲು ಜಾರ್ತಾವ. ನೀವು ಹುಡುಕೂದು ಇಲ್ಲೇ ಅದ!"

ಬೆಳಗಿನಿಂದ ರೈಲು ಒಡ್ಡಿನ ಮೇಲೆ ತಲೆ ತಗ್ಗಿಸಿ ಹುಡುಕುತ್ತಿದ್ದ ಗುರುಶಾಂತಮ್ಮ ಮುಖವೆತ್ತಿದಳು. ಹಳ್ಳದಲ್ಲಿ ಹಳೆಯ ಸೇತುವೆಯ ಕಲ್ಲುಕಂಬದ ಹತ್ತಿರ ಒಬ್ಬ ಗಂಡಸು ನಿಂತಿದ್ದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಅವನ ಛತ್ರಿ ಮಾತ್ರ ನೆಲದ ಮೇಲೆ ಬಿಚ್ಚಿಕೊಂಡು ಕೂತಿತ್ತು.

ಛತ್ರಿಯ ನೆರಳಿನಲ್ಲಿ, ಜಾಲಿಯ ಬುಡದಲ್ಲಿ, ಅವಳ ಇಷ್ಟಲಿಂಗವಿತ್ತು. ಕೊರಳ ಶಿವದಾರ ಮುಳ್ಳಿಗೆ ಸಿಕ್ಕಿ ಹರಿದಿತ್ತು. ಹಿಂದಿನ ಸಂಜೆ ಮೇವಿನ ಹೊರೆ ಹೊತ್ತು ಇಲ್ಲಿಂದಲೇ ಇಳಿದಿದ್ದಳು.

ಲಿಂಗ ಕಳೆದುಕೊಂಡವರು ಅದು ಸಿಗುವ ತನಕ ಅನ್ನ ನೀರು ಮುಟ್ಟುವಂತಿಲ್ಲ. ಸಿಗದಿದ್ದರೆ ಬದುಕಿಯೂ ಇರಬಾರದು ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಆ ಹೆದರಿಕೆಯಲ್ಲೇ ಮನೆಯವರಿಗೆ ತಿಳಿಸದೆ ಬಂದಿದ್ದಳು. ಈಗ ಲಿಂಗವನ್ನೆತ್ತಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಆ ಮನುಷ್ಯನನ್ನು ನೋಡಿದಳು. ಅವನ ತುಟಿ ಒಣಗಿ ಬಿರಿದಿತ್ತು; ನೀರಿನ ತಂಬಿಗೆ ಆಚೆಯ ಕಂಬದ ಬುಡದಲ್ಲೇ ಉಳಿದಿತ್ತು.

"ಎಷ್ಟೊತ್ತಾತ್ರಿ ಹಿಂಗ ನಿಂತು?"

"ನೀವು ಆ ತುದಿಯೊಳಗ ಹುಡುಕಾಕತ್ತಿದ್ದಾಗಿಂದ. ಕೂಗಿದೆ. ಗಾಳಿ ಎದುರಿಗಿತ್ತು."

"ತಂದು ಕೊಟ್ಟಿದ್ರ ಆಗ್ತಿತ್ತಲ್ರಿ?"

"ನಾ ಹ್ಯಾಂಗ ಮುಟ್ಲಿರಿ? ನನ್ನ ಹೆಸರು ಸಲಾವುದ್ದೀನ."

"ಹಂಗಾರ ಬಿಟ್ಟು ಬಂದು ಹೇಳಬೇಕಿತ್ತು."

"ಅಷ್ಟರಾಗ ಕುರಿ ತುಳದ್ರ?"

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಅಳುವೂ ಬಂತು. ಹಳ್ಳದ ನೀರಿನಲ್ಲಿ ಲಿಂಗವನ್ನು ತೊಳೆದು, ಎಡಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸಿದಳು. ಹರಿದ ದಾರಕ್ಕೆ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡಳು. ಬಳಿಕ ಅವನ ಮುಂದೆ ಬೊಗಸೆಯೊಡ್ಡಿದಳು.

"ನಿಮ್ಮ ತಂಬಿಗ್ಯಾಗಿನ ನೀರು ಹಾಕ್ರಿ ಸಾಬ್ರ."

"ನಮ್ಮ ನೀರೇನ್ರಿ?"

"ನೀರಡಿಸ್ಯಾದ. ಹಾಕ್ರಿ."

ಅವನು ಹಾಕಿದ. ಅರ್ಧ ನೀರು ಬೊಗಸೆಯಾಚೆ ನೆಲಕ್ಕೆ ಹೋಯಿತು.

ಇದು ಎಪ್ಪತ್ತೆಂಟನೆಯ ಇಸವಿಯ ಮಾತು. ಮಾದನಹಿಪ್ಪರಗಿಯ ಹೊಲಗಳ ನಡುವೆ ನಿಜಾಮರ ಕಾಲದಲ್ಲಿ ಒಂದು ಸಣ್ಣ ರೈಲು ಓಡಾಡುತ್ತಿತ್ತು. ದೊಡ್ಡ ಯುದ್ಧದ ವರ್ಷಗಳಲ್ಲಿ ಅದರ ಹಳಿಗಳನ್ನು ಕಿತ್ತೊಯ್ದರು. ಉಳಿದದ್ದು ಒಡ್ಡು, ಸೇತುವೆಯ ಕಂಬಗಳು, ಮಾಡು ಹಾರಿಹೋದ ಒಂದು ಸ್ಟೇಷನ್ ಕೋಣೆ. ಸಲಾವುದ್ದೀನನ ತಂದೆ ಮಲಂಗಸಾಬ ಆ ದಾರಿಯ ಗ್ಯಾಂಗ್‌ಮನ್ ಆಗಿದ್ದ. ರೈಲು ನಿಂತ ಮೇಲೂ ಸಾಯುವ ತನಕ ಒಡ್ಡಿನ ಮೇಲೆ ನಡೆದು, ಸಡಿಲಾದ ಕಲ್ಲುಗಳನ್ನು ಕೂರಿಸಿ ಬರುತ್ತಿದ್ದನಂತೆ. ಈಗ ಆಳಂದದ ಕಡೆ ಹೊಸ ರಸ್ತೆ ಆಗಬೇಕಾಗಿತ್ತು. ಅದಕ್ಕೆ ಹಾಕಲು ರೈಲಿನ ಕಲ್ಲುಗಳನ್ನು ಅಳೆದು ಗುರುತು ಹಾಕಿ ಕೀಳಿಸುವ ಕೆಲಸಕ್ಕೆ ಗುತ್ತಿಗೆದಾರ ಸಲಾವುದ್ದೀನನನ್ನು ಇಟ್ಟಿದ್ದ. ತಂದೆ ಕಾಯ್ದ ಸೇತುವೆಯನ್ನು ಮಗ ಕೆಡವಬೇಕಾಗಿ ಬಂತು. ದೇವರು ಕೆಲವರ ಪಾಲಿಗೆ ಇಂಥ ಕೆಲಸಗಳನ್ನೂ ಇಟ್ಟಿರುತ್ತಾನೆ.

ಗುರುಶಾಂತಮ್ಮನ ಗಂಡ ಮದುವೆಯಾದ ವರ್ಷವೇ ಹಾವು ಕಡಿದು ತೀರಿಕೊಂಡಿದ್ದ. ಅಣ್ಣ ಶಾಂತಲಿಂಗಪ್ಪನ ಮನೆಯಲ್ಲಿದ್ದಳು. ಹೊಲಕ್ಕೆ ಹೋಗುವ ದಾರಿ ಒಡ್ಡಿನ ಮೇಲೇ ಇತ್ತು. ಹೋಗುವಾಗ ಅವನು ಕಾಣುತ್ತಿದ್ದ, ಬರುವಾಗಲೂ ಕಾಣುತ್ತಿದ್ದ. ಮೊದಲು ಮಾತು, ಆಮೇಲೆ ಜೊತೆ ನಡಿಗೆ.

"ಇಲ್ಲಿ ಇಂಜಿನ್ನು ನೀರು ಕುಡೀತಿತ್ತಂತ್ರಿ," ಎಂದು ಅವನು ಹುಲ್ಲಿನಲ್ಲಿ ಮುಚ್ಚಿದ ಕಟ್ಟೆಯೊಂದನ್ನು ತೋರಿಸುತ್ತಿದ್ದ.

"ನೀವು ನೋಡೀರೇನು?"

"ಇಲ್ರಿ. ಅಪ್ಪ ಹೇಳ್ತಿದ್ದ."

"ಅಂದ್ರ ನೀವು ನೋಡಲಾರದ್ದನ್ನ ನನಗ ತೋರ್ಸಾಕತ್ತೀರಿ. ಭಾರಿ ಶಾಣ್ಯಾ ಅದೀರಿ ಬಿಡ್ರಿ."

ಅವನು ನಾಚಿ ಅಳತೆಯ ಟೇಪು ಸುತ್ತತೊಡಗುತ್ತಿದ್ದ. ಸುತ್ತಿದ ಟೇಪನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಅವಳು ಸೆರಗಿನ ತುದಿಯನ್ನು ತುಟಿಗೊತ್ತಿ ಓರೆಗಣ್ಣಿನಲ್ಲಿ ನೋಡುತ್ತಿದ್ದಳು.

ಮಧ್ಯಾಹ್ನ ಅವನು ಸ್ಟೇಷನ್ ಕಟ್ಟೆಯ ಮೇಲೆ ಟವೆಲ್ ಹಾಸಿ ನಮಾಜು ಮಾಡುವಾಗ ಅವಳು ಬೇವಿನ ಗಿಡದಾಚೆ ತಡೆದು ನಿಲ್ಲುತ್ತಿದ್ದಳು. ಹಣೆ ನೆಲಕ್ಕೆ ಮುಟ್ಟಿ ಎದ್ದಾಗ ಅವನ ಮುಖದಲ್ಲಿ ಒಂದು ತಣಿವಿರುತ್ತಿತ್ತು. ಬೆಳಿಗ್ಗೆ ಅಂಗೈಯ ಲಿಂಗವನ್ನು ನೋಡುತ್ತ ಕೂತಾಗ ತನಗೂ ಅದೇ ತಣಿವು ಎಂದು ಅವಳಿಗೆ ಗೊತ್ತಿತ್ತು. ಅದನ್ನು ಕಂಡೇ ಅವಳು ಅವನನ್ನು ಪ್ರೀತಿಸಿದಳು. ಕಷ್ಟವೆಲ್ಲ ಅಲ್ಲೇ ಇತ್ತು.

ಒಂದು ದಿನ ಅವನು ಸ್ಟೇಷನ್ ಕೋಣೆಯೊಳಗೆ ಹೋಗಿ, ಟಿಕೀಟು ಕೊಡುತ್ತಿದ್ದ ಸಣ್ಣ ಕಿಂಡಿಯಲ್ಲಿ ಮುಖವಿಟ್ಟ.

"ಎಲ್ಲಿಗ್ರಿ ಅಮ್ಮಾರ?"

"ಗಾಡಿ ಎಲ್ಲಿಗೆ ಹೋಗ್ತದ?"

"ಎಲ್ಲಿಗೂ ಹೋಗಂಗಿಲ್ರಿ."

"ಹಂಗಾರ ಅಲ್ಲಿಗೇ ಒಂದು ಕೊಡ್ರಿ."

ಅವನ ನಗು ಕಿಂಡಿಯಲ್ಲೇ ನಿಂತುಹೋಯಿತು. ಮೆಲ್ಲಗೆ ಹೇಳಿದ. "ಸೋಲಾಪುರದಾಗ ನಮ್ಮವ್ವನ ತಂಗಿ, ಖಾಲಾ ಪ್ಯಾರಿಬಿ ಅದಾಳ. ನಿಮ್ಮ ಸುದ್ದಿ ಹೇಳೀನಿ. ಕರ್ಕೊಂಡು ಬಾ ಅಂದಾಳ. ಆದ್ರ ನಿಕಾಹ ಆಗಬೇಕಂದ್ರ ನೀವು ನಮ್ಮೊಳಗ ಬರಬೇಕಂತ."

"ಬರೂದಂದ್ರ?"

ಅವನ ಕಣ್ಣು ಅವಳ ಕೊರಳ ದಾರದ ಮೇಲೆ ಬಿತ್ತು. ತಕ್ಷಣ ನೆಲ ನೋಡಿದ.

"ನೀವೇ ನಮ್ಮೊಳಗ ಬರ್ರಿ," ಎಂದು ಅವಳು ನಗಲು ನೋಡಿದಳು.

"ಅಪ್ಪನ ಗೋರಿಗೆ ಹೋಗಿ ಏನಂತ ಹೇಳ್ಲಿರಿ?"

ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಸೇತುವೆಯ ಕಂಬಗಳು ಒಂದೊಂದಾಗಿ ನೆಲಕ್ಕೆ ಬಂದವು. ಇಂಜಿನ್ನಿನ ಕಟ್ಟೆ ಹೋಯಿತು. ಸ್ಟೇಷನ್ ಕೋಣೆ ಕೊನೆಗೆ ಇರಲಿ ಎಂದು ಸಲಾವುದ್ದೀನ ಆಳುಗಳಿಗೆ ಹೇಳಿದ್ದ.

ಅಷ್ಟರಲ್ಲಿ ಒಂದು ದಿನ ಊಟಕ್ಕೆ ಕೂತಾಗ ಶಾಂತಲಿಂಗಪ್ಪ ತಂಗಿಗೆ ಹೇಳಿದ.

"ನಿನ್ನ ಜೋಡಿ ಒಡ್ಡಿನ ಮ್ಯಾಲ ನಡಿಯಾಂವ ಭಲೋ ಮನಷ್ಯಾ ಅಂತ ಊರಾಗ ಎಲ್ರೂ ಅಂತಾರ. ಅದಕ್ಕ ನನಗ ಅಂಜಿಕಿ. ಕೆಟ್ಟಾಂವ ಇದ್ದಿದ್ರ ಬೈದು ಓಡಸ್ತಿದ್ದೆ."

ಅವಳು ರೊಟ್ಟಿ ಮುರಿದ ಕೈಯನ್ನು ಹಾಗೇ ಹಿಡಿದುಕೊಂಡು ಕೂತಳು.

"ಜೇವರ್ಗಿ ದೇವಿಂದ್ರಪ್ಪ ಅಂತ. ಹೆಂಡ್ತಿ ಸತ್ತು ಎರಡು ವರ್ಷ ಆಗ್ಯಾದ. ಬರೂ ಸೋಮವಾರ ಉಡಕಿ ಮಾಡೂದಂತ ಮಾತು ಕೊಟ್ಟೀನಿ. ನಿನ್ನ ಬಿಟ್ಟು ನನಗ್ಯಾರದಾರಬೇ?"

ವಿಧವೆಯ ಎರಡನೆಯ ಮದುವೆಗೆ ನಮ್ಮ ಕಡೆ ಉಡಕಿ ಎನ್ನುತ್ತಾರೆ. ಅದಕ್ಕೆ ಬಾಜಾ ಬಜಂತ್ರಿ ಇರುವುದಿಲ್ಲ, ಮುತ್ತೈದೆಯರು ಅಕ್ಕಿ ಹಾಕುವುದಿಲ್ಲ. ಅಣ್ಣನ ಕಣ್ಣು ತುಂಬಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವಳಿಗೆ ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಸ್ಟೇಷನ್ನಿಗೆ ಬಂದಳು. ಮೂರು ಗೋಡೆ ಬಿದ್ದಿದ್ದವು. ಟಿಕೀಟಿನ ಕಿಂಡಿಯ ಗೋಡೆಯೊಂದೇ ಬಯಲಿನಲ್ಲಿ ನಿಂತಿತ್ತು. ಆಳುಗಳು ಊಟಕ್ಕೆ ಹೋಗಿದ್ದರು.

"ನಾಳೆ ನನ್ನ ಉಡಕಿ," ಎಂದಳು.

ಸಲಾವುದ್ದೀನ ಕಲ್ಲಿನ ಮೇಲೆ ಕೂತ.

"ಸೋಲಾಪುರದ ಬಸ್ಸು ಎಷ್ಟಕ್ಕ ಅದ?"

ಅವನು ಎದ್ದು ನಿಂತ. ಮುಖದಲ್ಲಿ ಒಂದು ಕ್ಷಣ ದೀಪ ಹತ್ತಿದಂತಾಯಿತು. ಅಷ್ಟರಲ್ಲಿ ಅವಳು ಕೊರಳಿಗೆ ಕೈ ಹಾಕಿ ಶಿವದಾರದ ಗಂಟು ಬಿಚ್ಚಿದ್ದಳು. ಲಿಂಗವನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ನೀಡಿದಳು.

"ತಗೋ. ನನ್ನ ಕೈಲೆ ಎಲ್ಲಿಯಾದ್ರೂ ಇಡಾಕ ಆಗಂಗಿಲ್ಲ. ನೀನಾದ್ರ ಚಂದಾಗಿ ಇಡ್ತಿ."

ಅವನ ಎರಡೂ ಕೈ ಮೆಲ್ಲಗೆ ಬೆನ್ನ ಹಿಂದೆ ಹೋದವು.

"ಬ್ಯಾಡ್ರಿ."

"ಯಾಕ? ಅವತ್ತು ಬಿಸಿಲಾಗ ನಿಂತು ಕಾಯ್ದಿಯಲ್ಲ?"

"ಅದಕ್ಕ ಬ್ಯಾಡ ಅನ್ನಾಕತ್ತೀನಿ. ಅವತ್ತು ನಿಮ್ಮ ಮುಖ ನೋಡೀನಿ. ಅದು ಸಿಗೂ ಮೊದಲಿಂದು, ಸಿಕ್ಕ ಮ್ಯಾಲಿಂದು, ಎರಡೂ ನೋಡೀನಿ. ಆ ಮೊದಲಿನ ಮುಖ ನನ್ನ ಮನ್ಯಾಗ ದಿನಾ ನೋಡಾಕ ನನ್ನಿಂದ ಆಗಂಗಿಲ್ರಿ."

"ನಾ ಅಳಂಗಿಲ್ಲ. ಆಣಿ ಮಾಡ್ತೀನಿ."

"ನೀವು ಅಳಂಗಿಲ್ಲ. ನನಗ ಗೊತ್ತದ. ಹುಡುಕ್ತೀರಿ."

ಗಾಳಿ ಕಿಂಡಿಯೊಳಗಿಂದ ಹಾದುಹೋಯಿತು. ಅವಳು ನೀಡಿದ ಕೈ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಎದೆಗೆ ಬಂತು.

"ಮಾತು ಎಷ್ಟು ಛಲೋ ಆಡ್ತೀರಿ ಸಾಬ್ರ," ಎಂದಳು. "ಒಂದಾದ್ರೂ ಕೆಟ್ಟ ಮಾತು ಆಡಿದ್ರ ಹೋಗೂದು ಹಗುರ ಆಗ್ತಿತ್ತು."

ದಾರವನ್ನು ಮತ್ತೆ ಕೊರಳಿಗೆ ಕಟ್ಟಿಕೊಳ್ಳಲು ನೋಡಿದಳು. ಗಂಟು ಬೀಳಲೊಲ್ಲದು. ಒಂದು ಸಲ ಜಾರಿತು, ಮತ್ತೊಂದು ಸಲ ಜಾರಿತು. ಒಂದು ಹೆಜ್ಜೆ ಮುಂದಿಟ್ಟರೆ ಅವನು ಕಟ್ಟಬಹುದಿತ್ತು. ಅವನು ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದ. ಕಣ್ಣೀರು ಗಡ್ಡಕ್ಕಿಳಿದರೂ ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. ಕೊನೆಗೆ ಗಂಟು ಬಿತ್ತು.

ಅವಳು ಒಡ್ಡಿನ ಮೇಲೆ ಸಾಕಷ್ಟು ದೂರ ಹೋದ ಮೇಲೆ ಹಿಂದಿನಿಂದ ಹಾರೆಯ ಸದ್ದು ಕೇಳಿಸಿತು. ಆಳುಗಳು ಇನ್ನೂ ಬಂದಿರಲಿಲ್ಲ. ಆ ಗೋಡೆಯನ್ನು ಅವನೇ ಕೆಡವುತ್ತಿದ್ದ.

ರಸ್ತೆ ಆಯಿತು, ಅದರ ಮೇಲೆ ಬಸ್ಸೂ ಬಂತು. ಸಲಾವುದ್ದೀನ ಯಾವ ಊರಿಗೆ ಹೋದನೋ ಯಾರಿಗೂ ತಿಳಿಯಲಿಲ್ಲ. ಗುರುಶಾಂತಮ್ಮ ಜೇವರ್ಗಿಯಲ್ಲಿ ಒಳ್ಳೆಯ ಬಾಳ್ವೆ ಮಾಡಿದಳು. ದೇವಿಂದ್ರಪ್ಪ ಸಂಭಾವಿತ ಮನುಷ್ಯ. ವರ್ಷಕ್ಕೊಮ್ಮೆ ಇಬ್ಬರೂ ಆ ಬಸ್ಸಿನಲ್ಲಿ ತವರಿಗೆ ಬರುತ್ತಿದ್ದರು. ಆಳಂದ ದಾಟಿದ ಮೇಲೆ ಬಿಸಿಲಿಗೆ ಅವಳ ತುಟಿ ಒಣಗುವುದನ್ನು ಕಂಡು ಅವನು ತಂಬಿಗೆ ಮುಂದೆ ಹಿಡಿಯುತ್ತಿದ್ದ.

"ಒಂದು ಗುಟುಕು ಕುಡಿ."

ಅವಳ ಬಲಗೈ ಸೆರಗಿನೊಳಗೆ ಎದೆಯ ಮೇಲಿರುತ್ತಿತ್ತು. ಕಣ್ಣು ಕಿಟಕಿಯಾಚೆ, ರಸ್ತೆಯ ಅಂಚಿನ ಕಲ್ಲುಗಳ ಮೇಲೆ.

"ತಡೀರಿ," ಎನ್ನುತ್ತಿದ್ದಳು. "ಹಳ್ಳ ದಾಟ್ಲಿ."

ಯಾಕೆಂದು ಅವನು ಎಂದೂ ಕೇಳಲಿಲ್ಲ. ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳ ದಾಟುವ ತನಕ ತಾನೂ ಕುಡಿಯದೆ ಕೂರುತ್ತಿದ್ದ.