ಅಪ್ಪನ ಅರ್ಧ ಸುತ್ತು

ನನ್ನಪ್ಪ ಡಾಕ್ಟರು. ಬೆಳಗ್ಗೆಯೆಲ್ಲ ರೋಗಿಗಳನ್ನು ನೋಡಿ, ಮಧ್ಯಾಹ್ನ ಮನೆಯ ಹಿಂದಿನ ಕೋಣೆಯಲ್ಲಿ ರಕ್ತದ ಸ್ಲೈಡುಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಸ್ಟೂಲಿನ ಮೇಲೆ ಎರಡು ದಪ್ಪ ಪುಸ್ತಕ ಪೇರಿಸಿ, ನನ್ನನ್ನು ಕೂರಿಸಿ, "ಮೊದ್ಲು ನೀನು ನೋಡು, ಆಮೇಲೆ ನಾನು" ಅನ್ನುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ ನೋಡುವ ಅವರಿಗೆ ಸ್ಪಷ್ಟವಾಗಿ ಕಾಣಲು ಮೈಕ್ರೋಸ್ಕೋಪಿನ ತಿರುಪನ್ನು ನನಗಿಂತ ಅರ್ಧ ಸುತ್ತು ಹೆಚ್ಚು ತಿರುಗಿಸಬೇಕಿತ್ತು.

ಅವರು ತೀರಿಕೊಂಡ ಮೇಲೆ ಆ ಕೆಲಸವನ್ನು ನಾನು ಮುಂದುವರಿಸಿದೆ. ಊಟ ಮುಗಿಸಿ ಬಂದಾಗಲೆಲ್ಲ ತಿರುಪು ಅರ್ಧ ಸುತ್ತು ತಿರುಗಿರುತ್ತದೆ. ಸ್ಲೈಡೂ ಸರಿದು, ನನ್ನ ಕಣ್ತಪ್ಪಿಸಿದ್ದ ರಕ್ತಕಣವೊಂದು ನಟ್ಟನಡುವೆ ಬಂದಿರುತ್ತದೆ.

ಅಮ್ಮನಿಗೆ ಹೇಳಿದೆ. "ನೋಡ್ಲಿ ಬಿಡೇ. ಅವ್ರಿಗೆ ನಾವು, ಆ ಕೋಣೆ ಬಿಟ್ರೆ ಬೇರೆ ಏನಿತ್ತು?" ಎಂದ ಅವಳು ತಟ್ಟೆ ತೊಳೆಯುತ್ತಲೇ ಇದ್ದಳು. ನನಗೂ ಅಭ್ಯಾಸವಾಯಿತು. ಒಬ್ಬಳೇ ದುಡಿಯುತ್ತಿದ್ದೇನೆ ಅನ್ನಿಸುವುದೇ ಇಲ್ಲ.

ನಿನ್ನೆ ಮಾತ್ರ ಕೋಣೆಗೆ ಬೀಗ ಹಾಕಿ ಊಟಕ್ಕೆ ಹೋಗಿದ್ದೆ. ಕೀಲಿ ನನ್ನ ಜೇಬಿನಲ್ಲೇ ಇತ್ತು. ಬಂದು ನೋಡಿದರೆ ತಿರುಪು ನಾನು ಬಿಟ್ಟಲ್ಲೇ ಇದೆ, ಅಪ್ಪನ ಸರದಿ ಇನ್ನೂ ಬಂದಿಲ್ಲ ಅನ್ನುವ ಹಾಗೆ. ಸ್ಟೂಲಿನ ಮೇಲೆ ಮಾತ್ರ ಎರಡು ದಪ್ಪ ಪುಸ್ತಕ, ಒಂದರ ಮೇಲೊಂದು. ಮುಟ್ಟಿದೆ. ಯಾರೋ ಈಗ ತಾನೇ ಇಳಿದುಹೋದ ಹಾಗೆ ಮೇಲಿನ ರಟ್ಟು ಬೆಚ್ಚಗಿತ್ತು.

ನಮ್ಮ ಮನೆಯಲ್ಲಿ ಮಕ್ಕಳಿಲ್ಲ.