ಬೆಳಗ್ಗೆ ಆರರಿಂದ ಏಳು

ಅವನನ್ನು ಮೊದಲ ಸಲ ಕಂಡಾಗ ನಾಗರತ್ನಾಳ ಎದೆ ಧಸಕ್ಕೆಂದದ್ದು ಪ್ರೀತಿಯಿಂದಲ್ಲ, ಭಯದಿಂದ. ಜೋಗುಪಾಳ್ಯದ ಸಿಗ್ನಲ್ಲಿನಲ್ಲಿ, ಅವಳೂ ಅವ್ವನೂ ನಡೆಸುತ್ತಿದ್ದ ರೊಟ್ಟಿ ಖಾನಾವಳಿಯ ಎದುರಿಗೇ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಏನೋ ಬರೆಯುತ್ತ ನಿಂತಿದ್ದ. ಫುಟ್‌ಪಾತಿನ ಮೇಲಿಟ್ಟ ಬೋರ್ಡಿಗೆ ದಂಡ ಹಾಕಲು ಬಂದ ಸಾಹೇಬನೇ ಇರಬೇಕೆಂದು, ಅವಳು ಬಿಸಿ ರೊಟ್ಟಿ, ಎಣ್ಣೆಗಾಯಿ ಒಯ್ದು ಮುಂದೆ ಹಿಡಿದಳು.

“ಬರ್ಕೋಬ್ಯಾಡ್ರಿ ಸರ. ಬೋರ್ಡ್ ಈಗಿಂದೀಗ ಒಳಗ ಇಡ್ತೀವಿ.”

ಅವನು ತಟ್ಟೆ ನೋಡಿದ, ಅವಳನ್ನು ನೋಡಿದ, ನಗು ತಡೆಯಲಾರದೆ ಮುಖ ತಿರುಗಿಸಿದ. “ನಾನು ಸರ್ವೆಯವನು ರೀ. ಜಂಕ್ಷನ್ ಹೊಸದಾಗಿ ಮಾಡ್ತಾರಂತೆ. ರೋಡ್ ದಾಟೋರನ್ನ ಎಣಿಸೋದಷ್ಟೇ ನನ್ ಕೆಲ್ಸ. ಆದ್ರೆ ತಟ್ಟೆ ಮಾತ್ರ ವಾಪಸ್ ಕೊಡಲ್ಲ.”

ಸುಗತ ಎಂದು ಹೆಸರು. ಮೂರು ದಿನದ ಕೆಲಸ. ಮೂರು ದಿನವೂ ಬೆಳಗ್ಗೆ ಆರಕ್ಕೆ ಅವಳು ಅವನನ್ನು ಒಳಗೆ ಕರೆದಳು. ಥಂಡಿಯಲ್ಲಿ ನಿಲ್ಲಬೇಡಿ, ಮೊದಲು ಉಣ್ಣಿ, ಆಮೇಲೆ ಎಣಿಸಿ ಎಂದಳು. ಒಲೆಯ ಎದುರಿನ ಸ್ಟೂಲು ಅವನದಾಯಿತು. ಅವಳು ರೊಟ್ಟಿ ಬಡಿಯುವಾಗ ಅವನ ಕಣ್ಣು ಬಳೆಯ ಮೇಲೆ, ಕೆನ್ನೆಗೆ ಮೆತ್ತಿದ ಹಿಟ್ಟಿನ ಮೇಲೆ.

“ಏನ್ ನೋಡ್ಲಿಕತ್ತೀರಿ?”

“ರೊಟ್ಟಿ ಉಬ್ಬುತ್ತಾ ಅಂತ.”

“ರೊಟ್ಟಿ ಹಂಚಿನ ಮ್ಯಾಲದ, ನನ್ನ ಮಾರಿ ಮ್ಯಾಲಲ್ಲ.”

ಸುತ್ತ ಕೂತು ಉಣ್ಣುತ್ತಿದ್ದ ಕೂಲಿಯವರು ಮುಸಿಮುಸಿ ನಕ್ಕರು. ಎಲ್ಲ ಅವಳ ಕಲಬುರಗಿ ಕಡೆಯವರೇ. ರಸ್ತೆಯಾಚೆಯ ಬಾಡಿಗೆ ಕೋಣೆಗಳಿಂದ ಜೀಬ್ರಾ ಪಟ್ಟೆ ದಾಟಿ ಬಂದು, ಉಂಡು, ಬುತ್ತಿ ಕಟ್ಟಿಸಿಕೊಂಡು, ಏಳಕ್ಕೆ ಕೆಲಸದ ವ್ಯಾನು ಹತ್ತುವವರು. ಖಾನಾವಳಿ ನಡೆಯುತ್ತಿದ್ದದ್ದೇ ಆ ಒಂದು ತಾಸಿನಿಂದ. ಹಾಳು ಪ್ರೀತಿಗೂ ಬೇರೆ ಹೊತ್ತು ಸಿಗಲಿಲ್ಲ.

ಸರ್ವೆ ಮುಗಿದ ಮೇಲೂ ಸುಗತ ಬರುತ್ತಲೇ ಇದ್ದ. ಅವ್ವ ಸುಭದ್ರಮ್ಮನಿಗೂ ಹಿಡಿಸಿದ್ದ. ಬೇಸಗೆಯಲ್ಲಿ ಮದುವೆ ಮಾತು ಮುಗಿಸೋಣ ಎಂದಿದ್ದಳು.

ಬೇಸಗೆಗೆ ಮೊದಲೇ ಜಂಕ್ಷನ್ ಬದಲಾಯಿತು. ಜೀಬ್ರಾ ಅಳಿಸಿದರು. ರಸ್ತೆಯ ನಡುವೆ ಎದೆಮಟ್ಟದ ಕಬ್ಬಿಣದ ಬೇಲಿ ಬಂತು. ದಾಟಬೇಕೆಂದರೆ ಮುಂದಿನ ಸಿಗ್ನಲ್ಲಿನ ತನಕ ನಡೆದು ಬಳಸಿ ಬರಬೇಕು. ವ್ಯಾನು ಆಚೆ ಬದಿಗೇ ನಿಲ್ಲತೊಡಗಿತು, ಅದರ ಪಕ್ಕದಲ್ಲೇ ಇಡ್ಲಿಯ ತಳ್ಳುಗಾಡಿಯೊಂದು ಹುಟ್ಟಿಕೊಂಡಿತು. ಮೊದಲ ವಾರ ಕೆಲವರು ಬೇಲಿಯಾಚೆಯಿಂದ ಕೈ ಬೀಸಿದರು. ಆಮೇಲೆ ಅದೂ ನಿಂತಿತು. ಪಕ್ಕದ ಸೈಕಲ್ ಅಂಗಡಿಯ ಗಯಾಜ್ ಶಟರ್ ಎಳೆದು ಹೋದ. ಎರಡು ತಿಂಗಳು ಯಾರೂ ಉಣ್ಣದ ರೊಟ್ಟಿ ಬಡಿದು ಬಡಿದು ನಾಗರತ್ನಾ ಒಂದು ಸಂಜೆ ಹಂಚು ಇಳಿಸಿದಳು. ಅಳು ಬರಲಿಲ್ಲ.

“ಎಂಜಿನಿಯರ್‌ಗೋಳಿಗೆ ಕಣ್ಣಿಲ್ಲೇನು?” ಎಂದು ಅಂದೇ ಬಾಗಿಲಾಚೆ ನಿಂತಿದ್ದ ಸುಗತನೆದುರು ಹರಿಹಾಯ್ದಳು. “ಅಷ್ಟ್ ಮಂದಿ ದಾಟ್ತಿದ್ರು. ನೀವೇ ಎಣಿಸೀರಲ್ಲ, ಹೇಳ್ರಿ ಅವರಿಗೆ.”

ಅವನು ತಲೆ ಎತ್ತಲಿಲ್ಲ. “ಆರರಿಂದ ಏಳು ನಾನು ಎಣಿಸ್ಲಿಲ್ಲ, ನಾಗು.”

“ಮತ್ತ?”

“ಇಲ್ಲೇ ಕೂತಿದ್ನಲ್ಲ. ಆಮೇಲೆ ಅಂದಾಜಲ್ಲಿ ಹನ್ನೆರಡು, ಹದಿನಾಲ್ಕು ಅಂತ ಬರೆದ್ಬಿಟ್ಟೆ. ಮೂರು ದಿನಾನೂ. ಅದನ್ನ ನೋಡಿ, ದಾಟೋರೇ ಇಲ್ಲ ಅಂತ ಬೇಲಿ ಹಾಕಿದ್ರು. ನಿನ್ನೆ ಆಫೀಸಿಗೆ ಹೋಗಿ ಒಪ್ಕೊಂಡೆ. ನನ್ನ ಕೆಲ್ಸದಿಂದ ತೆಗೆದ್ರು. ಬೇಲಿ ಮಾತ್ರ ಇನ್ನು ತೆಗೆಯಲ್ವಂತೆ.”

ಎಣಿಸಬೇಕಾದವರೆಲ್ಲ ಅವನಿಗೆ ಮೊಣಕೈ ತಾಗಿಸಿಕೊಂಡು ಉಣ್ಣುತ್ತಿದ್ದರು. ಅವನು ಒಬ್ಬರನ್ನೂ ನೋಡಿರಲಿಲ್ಲ, ಅವಳನ್ನಷ್ಟೇ ನೋಡಿದ್ದ. ಅದಕ್ಕೆ ತಾನೆಷ್ಟು ಹಿಗ್ಗಿದ್ದೆ ಎಂಬುದು ಅವಳಿಗೆ ನೆನಪಾಯಿತು. ಬೈಯೋಣವೆಂದರೆ, ಒಳಗೆ ಕರೆದವಳು ತಾನೇ.

“ಮದ್ವೆ ಆಗೋಣ. ಬೇರೆ ಕಡೆ ಅಂಗಡಿ ಹಾಕೋಣ,” ಎಂದ.

“ನಾಳಿಂದ ಅವ್ವನೂ ನಾನೂ ದೊಡ್ಡನೆಕ್ಕುಂದಿ ಫ್ಯಾಕ್ಟರಿ ಕ್ಯಾಂಟೀನಿಗೆ ಪಾತ್ರೆ ತಿಕ್ಕಲಿಕ್ಕ ಹೊಂಟೀವಿ.”

“ನನ್ ಮೇಲೆ ಸಿಟ್ಟಾ?”

“ಸಿಟ್ಟಿದ್ರ ಚಲೋ ಇತ್ತು.” ಅವಳು ಮೊದಲ ಬಾರಿಗೆ ಅವನನ್ನು ಏಕವಚನದಲ್ಲಿ ಕರೆದಳು. “ಇವತ್ತೂ ನೀ ಬರೋದ್ ಕಂಡ್ರ ಜೀವ ಹಾರ್ತದ. ಆದ್ರ ಅವ್ವಗ ಇದು ಗೊತ್ತಿಲ್ಲ, ಗೊತ್ತಾದ್ರ ತಡಕೊಳ್ಳೂದಿಲ್ಲ. ನೀ ಅಳಿಯ ಆಗಿ ಬಂದು ಕೂತ್ರ, ಅಕಿ ಅಕ್ಕರಾಸ್ತಿಲೇ ನಿನಗ ನೀಡ್ತಾಳ. ಅದನ್ನ ನಾ ದಿನಾ ಹೆಂಗ ನೋಡ್ಲಿ?”

ಅಷ್ಟರಲ್ಲಿ ಒಳಗಿನಿಂದ ಸುಭದ್ರಮ್ಮ ಕೂಗಿದಳು. “ಸುಗತಾ, ಅನ್ನ ಆಗ್ಯದ. ಉಂಡು ಹೋಗಪ್ಪಾ.”

ನಾಗರತ್ನಾ ಅವನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಆಮೇಲೆ ಒಳಗೆ ಕೇಳುವಂತೆ, ದನಿ ನಡುಗದಂತೆ ಹೇಳಿದಳು:

“ಅವರು ಹ್ವಾದ್ರು ಅವ್ವಾ. ಹಸಿವಿಲ್ಲಂತ.”